ಗ್ರೂಪ್ ಫೋಟೋಗೆ ಇಳಿದು ಬನ್ನಿ

ಆಕೆಯನ್ನು ಊರಲ್ಲಿ ಎಲ್ಲರೂ ಸ್ಟುಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹಿಂದಿನ ಬೀದಿಯ ಫೋಟೋ ಸ್ಟುಡಿಯೋವನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಪಾಸ್‌ಪೋರ್ಟ್ ಅಳತೆಯ ಫೋಟೋಗಳೇ ಹೆಚ್ಚು. "ಗದ್ದ ಸ್ವಲ್ಪ ಕೆಳಗೆ, ಉಸಿರು ಬಿಗಿ ಹಿಡೀಬೇಡಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅವಳ ದನಿಗೊಂದು ಗತ್ತು ಬಂದುಬಿಟ್ಟಿತ್ತು. ಎಂಥ ದೊಡ್ಡ ಮನುಷ್ಯನೂ ಅವಳ ಸ್ಟೂಲಿನ ಮೇಲೆ ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂರುತ್ತಿದ್ದ.

ತಿಂಗಳಿಗೊಮ್ಮೆ ಮಾತ್ರ ಅವಳು ತನಗಾಗಿ ಒಂದು ಫೋಟೋ ತೆಗೆಯುತ್ತಿದ್ದಳು. ಅದು ದಂಡೆಯ ಹಳೆಯ ದೀಪಸ್ತಂಭದ್ದು. ಅವಳು ಮದುವೆಯಾಗಿ ಬಂದಾಗ ಅದಕ್ಕೂ ಕಡಲಿಗೂ ನಡುವೆ ಹುಡುಗರು ಚೆಂಡಾಡುವಷ್ಟು ಬಯಲಿತ್ತು. ಅಲೆಗಳು ಕೊರೆದು ಕೊರೆದು ಈಗ ಮೂವತ್ತು ಹೆಜ್ಜೆಯೂ ಉಳಿದಿರಲಿಲ್ಲ. ರಸ್ತೆಯಾಚೆಯ ಮೋರಿ ಕಟ್ಟೆಯ ಮೇಲೆ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು ತೆಗೆಯುತ್ತಿದ್ದಳು. ದೀಪಸ್ತಂಭದ ಕಾವಲುಗಾರ ಅವಳ ಮೈದುನ. "ಅತ್ತಿಗೆ, ಅದೇನು ತಿಂಗಳಿಗೊಂದ್ಸಲ ದಪ್ಪ ಆಗುತ್ತಾ?" ಎಂದು ರೇಗಿಸುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಕ್ಯಾಮೆರಾದಲ್ಲಿ ಕಣ್ಣಿಟ್ಟವಳು ಹಾಗೇ ನಿಂತುಬಿಟ್ಟಳು. ಚೀಲದಿಂದ ಹೋದ ತಿಂಗಳ ಫೋಟೋ ತೆಗೆದು ನೋಡಿದಳು. ಬಾಗಿಲ ಪಕ್ಕದಿಂದ ಮೇಲೇರಿದ್ದ ಬಿರುಕು ಆಗ ಮೊದಲ ಕಿಟಕಿಯ ಕೆಳಗೇ ನಿಂತಿತ್ತು. ಈಗ ಎರಡನೇ ಕಿಟಕಿ ಮುಟ್ಟಿತ್ತು. ಬಾಗಿಲ ಚೌಕಟ್ಟು ಕಡಲಿನ ಕಡೆ ವಾಲಿತ್ತು. ಮೇಲೆ, ದೀಪದ ಸುತ್ತಲಿನ ಬಾಲ್ಕನಿಯಲ್ಲಿ ನಿಂತ ಜನ ತಮ್ಮದೇ ಫೋಟೋ ಎಂದುಕೊಂಡು ಕೈ ಬೀಸುತ್ತಿದ್ದರು.

ಅವಳು ಬಾಗಿಲಲ್ಲಿ ಕೂತಿದ್ದ ಮೈದುನನ ಬಳಿ ಓಡಿದಳು.

"ಮೇಲೆ ಎಷ್ಟು ಜನ ಇದ್ದಾರೆ?"

"ಹದಿಮೂರು. ಒಂದೇ ಶಾಲೇಲಿ ಓದಿದವರಂತೆ, ನಲವತ್ತು ವರ್ಷದ ಮೇಲೆ ಸೇರಿದ್ದಾರೆ. ಯಾಕತ್ತಿಗೆ, ಹೀಗೆ ಏದುಸಿರು ಬಿಡ್ತಿದ್ದೀರಿ?" ಎಂದ ಮೈದುನ.

ಅವಳು ಬಾಗಿಲ ಪಕ್ಕದ ಬಿರುಕಿಗೆ ಬೆರಳಿಟ್ಟು ತೋರಿಸಿದಳು. ಬೆರಳು ಬುಡದವರೆಗೂ ಒಳಹೋಯಿತು. ಪುಡಿ ಸುರಿಯಿತು. ಅವನು ಮೆಟ್ಟಿಲ ಕಡೆ ತಿರುಗಿದ.

"ಕೂಗಿ ಹೇಳ್ತೀನಿ..."

"ಸುಮ್ನಿರು! ಒಬ್ರು ಇಳಿಯೋಷ್ಟೇ ಜಾಗ ಇರೋ ಸುತ್ತು ಮೆಟ್ಲು. ಗಾಬರಿ ಬಿದ್ದು ಒಬ್ರ ಮೇಲೊಬ್ರು ಉರುಳಿದ್ರೆ ಸಾಯೋಕೆ ಗೋಡೆ ಬೀಳೋದೇ ಬೇಡ."

ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ, ಸ್ಟುಡಿಯೋದ ದನಿಯಲ್ಲಿ ಕೂಗಿದಳು: "ಎಲ್ರೂ ಕೇಳಿ! ಗ್ರೂಪ್ ಫೋಟೋಗೆ ಇಳಿದು ಬನ್ನಿ! ಈ ಬೆಳಕು ಹತ್ತೇ ನಿಮಿಷ ಇರೋದು. ಓಡ್ಬೇಡಿ, ಬೆವರಿದ ಮುಖ ಚೆನ್ನಾಗಿ ಬರಲ್ಲ!"

ಮೇಲೆ ನಗು ಕೇಳಿಸಿತು. ಒಬ್ಬೊಬ್ಬರೇ ಇಳಿಯತೊಡಗಿದರು. ಮಂಡಿ ಹಿಡಿದುಕೊಂಡು ಬಂದವರು, ತಲೆ ಬಾಚಿಕೊಳ್ಳುತ್ತಾ ಬಂದವರು. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹನ್ನೆರಡಕ್ಕೆ ನಿಂತಿತು.

"ನಮ್ಮ ಗಿಡ್ಡಿ ಅರ್ಧದಲ್ಲಿ ಕೂತಿದ್ದಾಳೆ, ತಲೆ ಸುತ್ತಂತೆ. ಬರ್ತಾಳೆ ಬಿಡಿ" ಎಂದ ಬೋಳುತಲೆಯವನೊಬ್ಬ.

ಅವಳು ಕ್ಯಾಮೆರಾವನ್ನು ಮೈದುನನ ಕೈಗಿಟ್ಟಳು. "ಇವರನ್ನ ರಸ್ತೆ ದಾಟಿಸು. ಗೋಪುರ ಪೂರ್ತಿ ಬರ್ಬೇಕು ಅಂದ್ರೆ ಅಷ್ಟು ದೂರ ನಿಲ್ಬೇಕು ಅಂತ ಹೇಳು."

"ಅತ್ತಿಗೆ, ನೀವು ಬೇಡ, ನಾನು..."

"ಮಾತಾಡ್ತಾ ನಿಲ್ಬೇಡ, ಹೋಗು."

ಒಳಗೆ ತೇವದ ವಾಸನೆ. ಮೂರನೇ ಸುತ್ತಿನಲ್ಲಿ ಆ ಹೆಂಗಸು ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಬುಡದಲ್ಲಿ ಧಡ್ ಎಂದಾಗಲೆಲ್ಲ ಕಂಬಿ ನಡುಗುತ್ತಿತ್ತು.

"ಅದೇನ್ರೀ ಸದ್ದು?"

"ಅಲೆ." ಅದು ಸುಳ್ಳೇನಲ್ಲ.

"ನಂಗೆ ಕಾಲೇ ಬರ್ತಿಲ್ಲ ಕಣ್ರೀ."

"ಕಾಲು ಯಾರಿಗೆ ಬೇಕು? ಮಕ್ಕಳ ಹಾಗೆ ಕೂತ್ಕೊಂಡೇ ಇಳೀರಿ. ನನ್ನ ಬೆನ್ನು ಬಿಟ್ಟು ಬೇರೇನೂ ನೋಡ್ಬೇಡಿ."

ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಮೇಲಿನಿಂದ ಗಾರೆಯ ಹೆಂಟೆಯೊಂದು ಅಕ್ಕನ ಭುಜಕ್ಕೆ ಬಡಿದು ಕೆಳಗುರುಳಿತು. ಹಿಂದೆ ಆ ಹೆಂಗಸು ಚೀರಿದ್ದು ಕೇಳಿಸಿತು. "ಸುಣ್ಣ ಉದುರ್ತಿದೆ ಅಷ್ಟೆ" ಎಂದಳು, ತಿರುಗಿ ನೋಡಲಿಲ್ಲ. ಹೊರಗೆ ಬಂದದ್ದೇ ಆ ಹೆಂಗಸಿನ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ರಸ್ತೆಯತ್ತ ನಡೆದಳು.

ಅವರಿಬ್ಬರೂ ಮೋರಿ ದಾಟುತ್ತಿದ್ದಂತೆ ಹಿಂದೆ ನೆಲ ಗುಡುಗಿತು. ಕಡಲ ಕಡೆಯ ಜಗಲಿ, ಅದರ ಮೇಲೆ ದೀಪದ ಎಣ್ಣೆ ಇಡುತ್ತಿದ್ದ ಕೋಣೆ, ಉಳಿದಿದ್ದ ಅಷ್ಟೂ ನೆಲ ಎಲ್ಲವೂ ಒಟ್ಟಿಗೇ ಜಾರಿಹೋದವು. ದೂಳು ಇಳಿದಾಗ ಗೋಪುರ ಓರೆಯಾಗಿ ನಿಂತಿತ್ತು. ಅದರ ಬುಡದ ಕಲ್ಲುಗಳು ಬಯಲಾಗಿದ್ದವು.

"ಫೋಟೋ ಅಂದ್ರಲ್ಲ..." ಎಂದು ಶುರುಮಾಡಿದ ಬೋಳುತಲೆಯವನು ರಸ್ತೆಯ ಮೇಲೇ ಕುಕ್ಕರಿಸಿದ. ಅವಳು ಮೈದುನನಿಂದ ಕ್ಯಾಮೆರಾ ತೆಗೆದುಕೊಂಡು, ಕೊಟ್ಟ ಮಾತಿಗಾಗಿ ಒಂದು ಫೋಟೋ ತೆಗೆದಳು. ಅದರಲ್ಲಿ ಹದಿಮೂರು ಮುಖಗಳೂ ಕಲಸಿಹೋದವು.

ಸಂಜೆ ಮೈದುನ ಅವಳ ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ಬೆಳಿಗ್ಗೆ ಬಾಗಿಲು ಬಿಗಿಯಾಗಿತ್ತು ಅತ್ತಿಗೆ. ಒದ್ದು ತೆಗೆದೆ. ಯಾಕೆ ಬಿಗಿಯಾಯ್ತು ಅಂತ ಯೋಚ್ನೇನೇ ಮಾಡ್ಲಿಲ್ಲ."

"ಬಾಗಿಲು ಬಿಗಿಯಾದ್ರೆ ನಾನೂ ಒದೀತೀನಿ ಕಣೋ. ಊಟ ಮಾಡು" ಎಂದಳು.

ಮರುವಾರ ಬಂದ ಎಂಜಿನಿಯರುಗಳು ಅವಳ ಅಷ್ಟೂ ಫೋಟೋಗಳನ್ನು ಸ್ಟುಡಿಯೋದ ನೆಲದ ಮೇಲೆ ಸಾಲಾಗಿ ಹರಡಿ ನೋಡಿದರು. ಗೋಪುರವನ್ನು ಉಳಿಸುವಂತಿರಲಿಲ್ಲ. ಮೇಲಿನಿಂದ ಒಂದೊಂದೇ ಕಲ್ಲು ಬಿಚ್ಚಿ ಇಳಿಸಿದರು. ಆ ಮೂರು ತಿಂಗಳೂ ಮೈದುನ ರಸ್ತೆಯಾಚೆ ಯಾರೂ ದಾಟದಂತೆ ಹಗ್ಗ ಕಟ್ಟಿ ಕಾವಲು ಕೂತಿದ್ದ. "ಸ್ವಲ್ಪ ಹತ್ತಿರ ಬಿಟ್ರೆ ಏನ್ರೀ ಆಗುತ್ತೆ?" ಎಂದವರ ಜೊತೆ ಜಗಳಕ್ಕೇ ಬೀಳುತ್ತಿದ್ದ.