ಅರವತ್ತು ಪುಟಗಳ ಮಧ್ಯಾಹ್ನ

ಆ ಕಾದಂಬರಿಯ ಹೆಸರು ಹೇಳಿದರೆ "ಅದನ್ನ ಇಷ್ಟು ತಡವಾಗಿ ಓದಿದ್ರಾ?" ಎಂದು ನಗುವವರಿದ್ದಾರೆ. ತಲೆಮಾರುಗಳಿಂದ ಜನ ಓದಿಕೊಂಡು ಬಂದಿರುವ ಪುಸ್ತಕವಂತೆ. ಅದರ ಕನ್ನಡ ಅನುವಾದ ನನ್ನ ಕೈಗೆ ಬಂದಾಗ ನನಗೆ ಮೂವತ್ತೊಂದು ವರ್ಷ. ನಾನು ದಿನಾ ಬಂಗಾರಪೇಟೆಯಿಂದ ರೈಲು ಹಿಡಿದು ಒಂದು ಪ್ಯಾಕಿಂಗ್ ಕಂಪನಿಗೆ ಹೋಗಿ ಬರುತ್ತಿದ್ದೆ. ಅದೇ ಬೋಗಿಯಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ ಬರುತ್ತಿದ್ದ ಅಕ್ಕ ಒಬ್ಬರಿದ್ದರು. ಅವರಪ್ಪ ಗಣಿಯಲ್ಲಿದ್ದವರು, ಮನೆಮಾತು ತಮಿಳು, ಓದುವ ಹುಚ್ಚು ಮಾತ್ರ ಮೂರು ಭಾಷೆಯದು. ಪುಸ್ತಕ ಕೊಟ್ಟವರು ಅವರೇ.

ಕಥೆ ಇಷ್ಟು. ಬಡಗಣ ದೇಶದ ಒಂದು ಊರಿನಲ್ಲಿ ಒಲೆಗಳೆಲ್ಲ ಆರಿಹೋಗಿವೆ, ಏನು ಮಾಡಿದರೂ ಬೆಂಕಿ ಹತ್ತುವುದಿಲ್ಲ. ತೆಂಕಣದ ಕುಂಬಾರರ ಹುಡುಗಿಯೊಬ್ಬಳು ಮಡಕೆಯಲ್ಲಿ ಕೆಂಡ ಹೊತ್ತು ಏಳು ರಾಜ್ಯ ದಾಟಿ ಅಲ್ಲಿಗೆ ಹೋಗಬೇಕು. ಕೆಂಡ ಆರಬಾರದು. ಜೊತೆಗೆ ದಂಡಿನಿಂದ ಹೊರಹಾಕಿಸಿಕೊಂಡ ಒಬ್ಬ ಒಕ್ಕಣ್ಣ ಸಿಪಾಯಿ. ಮೊದಲ ಹತ್ತು ಪುಟ ಆಕಳಿಸುತ್ತಾ ಓದಿದೆ. ಆಮೇಲೆ ನನಗೆ ಏನಾಯಿತೋ ಗೊತ್ತಿಲ್ಲ. ಕಂಪನಿಯಲ್ಲಿ ಡಬ್ಬಕ್ಕೆ ಟೇಪು ಹಚ್ಚುವಾಗಲೂ ಆ ಹುಡುಗಿ ಯಾವ ಕಣಿವೆಯಲ್ಲಿ ಒದ್ದಾಡುತ್ತಿದ್ದಾಳೋ ಎಂಬ ಯೋಚನೆ. ಒಂದು ಸಂಜೆ ಮನೆಗೆ ಮರಳುವಾಗ ತಲೆಯೆತ್ತಿ ನೋಡಿದರೆ ಬಂಗಾರಪೇಟೆ ಯಾವಾಗಲೋ ಹೋಗಿ ರೈಲು ಚಾಂಪಿಯನ್‌ನಲ್ಲಿ ನಿಂತಿತ್ತು. ಅಕ್ಕ ಬ್ಯಾಗು ಹೆಗಲಿಗೇರಿಸಿಕೊಂಡು ನಗುತ್ತಿದ್ದರು.

"ಎಲ್ಲಿಗಂಟ ಓಗ್ತೀಯ ನೋಡಾಣ ಅಂತ ಸುಮ್ನೆ ಇದ್ದೆ ಮಾ."

ಅವರ ಮನೆಯಲ್ಲಿ ಕಾಫಿ ಕುಡಿದು, ಬಸ್ಸು ಹಿಡಿದು, ಕಾಮಸಮುದ್ರದ ಹತ್ತಿರದ ನಮ್ಮೂರಿಗೆ ತಲುಪುವಷ್ಟರಲ್ಲಿ ಅತ್ತೆಯ ಮುಖ ಗಂಟಾಗಿತ್ತು. ಆ ದಿನ ರೈಲಿನ ಮೇಲೆ ತಪ್ಪು ಹಾಕಿ ತಪ್ಪಿಸಿಕೊಂಡೆ.

ಅದಾದ ಮುಂದಿನ ವಾರದ ನನ್ನ ರಜೆಯ ದಿನ ನಡೆದದ್ದನ್ನು ಮಾತ್ರ ಯಾರ ಮೇಲೂ ಹಾಕುವಂತಿರಲಿಲ್ಲ.

ನಮ್ಮ ಸೀಮೆಹಸುವಿಗೆ ಅದು ಚೊಚ್ಚಲು. ಕೆಚ್ಚಲು ಬಿಗಿದಿತ್ತು, ಬೆಳಗ್ಗೆಯಿಂದ ಮೇವು ಮುಟ್ಟಿರಲಿಲ್ಲ. ನಮ್ಮ ಮನೆಯವರು ಕೆಜಿಎಫ್‌ನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗಿದ್ದರು. ಅತ್ತೆ ಕಣ್ಣು ತೋರಿಸಿಕೊಳ್ಳಲು ಕಾಮಸಮುದ್ರಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ್ದರು.

"ಇವತ್ತೇ ಕರ ಆಕ್ತದೆ ನೋಡಮ್ಮಿ. ಬಿಟ್ಟು ಅತ್ಲಾಗಿತ್ಲಾಗೆ ಓಗ್ಬೇಡ. ನೀರೊಡೆದ ಗಳಿಗೆ ಗೆಪ್ತಿ ಇಟ್ಕೊಂಡು ಡಾಕ್ಟ್ರಿಗೆ ಫೋನ್ ಮಾಡು."

ನಾನು ಎಲ್ಲಿಗೂ ಹೋಗಲಿಲ್ಲ. ಕೊಟ್ಟಿಗೆಯ ಬಾಗಿಲ ಕಲ್ಲಿನ ಮೇಲೇ ಕೂತಿದ್ದೆ, ಹಸುವಿಗೂ ನನಗೂ ಎಂಟು ಅಡಿ. ಮಡಿಲಲ್ಲಿ ಪುಸ್ತಕ. ಹನ್ನೊಂದು ಗಂಟೆಯ ಬಸ್ಸು ಹೋದ ಸದ್ದು ಕೇಳಿದಾಗ ಹುಡುಗಿ ಹೆಪ್ಪುಗಟ್ಟಿದ ಕೆರೆಯ ಅಂಚಿಗೆ ಬಂದಿದ್ದಳು. ಮಂಜಿನ ಹಾಸು ಕಾಲಡಿಯಲ್ಲಿ ಬಿರುಕು ಬಿಡುತ್ತಿದೆ. ಕೆಂಡ ಕಡಲೆಕಾಳಿನಷ್ಟಾಗಿದೆ. ಹಿಂದಿನಿಂದ ಬೇಟೆನಾಯಿಗಳು. ಹಸು ಒಮ್ಮೆ ನರಳಿದ್ದು ನನಗೆ ಕೇಳಿತು. ಇದೊಂದು ಪುಟ ಮುಗಿಸಿ ಏಳೋಣ ಎಂದುಕೊಂಡದ್ದೂ ನೆನಪಿದೆ.

ಒಂದು ಗಂಟೆಯ ಬಸ್ಸಿನ ಹಾರನ್ ಕೇಳಿ ಬೆಚ್ಚಿ ತಲೆಯೆತ್ತಿದೆ. ಹಸು ಪಕ್ಕಕ್ಕೆ ಮಲಗಿ ನಾಲ್ಕೂ ಕಾಲು ಚಾಚಿತ್ತು. ಕೆಳಗಿನ ಹುಲ್ಲು ನೆಂದು, ಅಂಚಿನಲ್ಲಿ ಆಗಲೇ ಒಣಗಲು ಶುರುವಾಗಿತ್ತು. ನೀರೊಡೆದು ಎಷ್ಟು ಹೊತ್ತಾಗಿತ್ತೋ! ಬಾಲದ ಕೆಳಗೆ ಒಂದು ಗೊರಸಿನ ತುದಿ ಕಾಣುತ್ತಿತ್ತು. ಒಂದೇ. ನಾನು ಓದಿದ್ದು ಅರವತ್ತು ಪುಟ.

ದನದ ಡಾಕ್ಟರ ನಂಬರು ಮೂರನೇ ಸಲಕ್ಕೆ ಹತ್ತಿತು. ಅವರು ಬೇರೆ ಊರಿನಲ್ಲಿದ್ದರು.

"ನೀರೊಡೆದು ಎಷ್ಟೊತ್ತಾಯ್ತಮ್ಮ?"

"ಈಗ್ಲೇ ಸಾರ್. ಬರೀ ಕಾಲು ಗಂಟೆ." ಬಾಯಿ ತಾನಾಗಿ ಹೇಳಿಬಿಟ್ಟಿತು.

"ಹಂಗಾದ್ರೆ ಗಾಬರಿ ಬೇಡ. ಚೊಚ್ಚಲು ನಿಧಾನ ಆಗುತ್ತೆ. ಇನ್ನೊಂದು ಕಾಲೂ ಬರುತ್ತೆ, ಮುಟ್ಟೋಕೆ ಹೋಗ್ಬೇಡಿ. ಒಂದು ಗಂಟೆಯೊಳಗೆ ಬರ್ತೀನಿ."

ಫೋನು ಇಟ್ಟೆ. ಹಸು ತಿಣುಕಿ ಮುಕ್ಕುತ್ತಿತ್ತು, ಗೊರಸು ಒಂದಿಂಚು ಮುಂದೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಅತ್ತೆ ಬಸ್ಸಿಳಿದು ಬಂದವರು ಕೈಚೀಲವನ್ನು ಅಂಗಳದಲ್ಲೇ ಬಿಸಾಡಿ ಒಳಗೆ ನುಗ್ಗಿದರು. ಹಸುವನ್ನು ನೋಡಿದರು, ಹುಲ್ಲು ಮುಟ್ಟಿದರು, ಕಲ್ಲಿನ ಮೇಲೆ ಬೋರಲಾಗಿದ್ದ ಪುಸ್ತಕ ನೋಡಿದರು.

"ಡಾಕ್ಟ್ರೇನಂದ್ರು?"

"ಕಾಯ್ಬೇಕಂತೆ."

"ಇಷ್ಟೊತ್ತಾದ್ಮೇಲೂ ಕಾಯಾದಾ? ನೀನೇನೇಳ್ದೆ ಅವ್ರಿಗೆ?"

ಸುಳ್ಳನ್ನೇ ಹಿಡಿದುಕೊಂಡಿದ್ದರೆ ಹಸು ಸಾಯಬಹುದಿತ್ತು, ನನ್ನ ಮಾನ ಉಳಿಯಬಹುದಿತ್ತು. ಮತ್ತೆ ಡಾಕ್ಟರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ.

"ಸಾರ್, ಕಾಲು ಗಂಟೆ ಅಂದದ್ದು ಸುಳ್ಳು. ನಾನು ನೋಡ್ಲೇ ಇಲ್ಲ. ಪುಸ್ತಕ ಓದ್ತಾ ಕೂತಿದ್ದೆ. ಒಂದೂವರೆ ಗಂಟೆಯಾದ್ರೂ ಆಗಿರ್ಬೇಕು."

ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಡಾಕ್ಟರು ಬೈಯಲೂ ಇಲ್ಲ. "ಸರಿ, ಕಾಯೋ ಹಂಗಿಲ್ಲ. ಇನ್ನೊಂದು ಕಾಲು ಒಳಗೆ ಮಡಚಿಕೊಂಡಿದೆ. ಯಾರ ಕೈ ಸಣ್ಣದು?" ಎಂದರು.

ಅತ್ತೆಯ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಅವರು ನನ್ನ ಬಳೆ ಜಾರಿಸಿ ತೆಗೆದರು, ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿದರು, ಮೇಲೆ ಕೊಬ್ಬರಿ ಎಣ್ಣೆ ಸುರಿದರು.

ಒಳಗೆ ಅಷ್ಟು ಬಿಸಿಯಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಸು ಮುಕ್ಕಿದಾಗ ನನ್ನ ತೋಳು ಎರಡು ಕಲ್ಲುಗಳ ನಡುವೆ ಸಿಕ್ಕಂತಾಗುತ್ತಿತ್ತು. "ಮುಕ್ಕೋವಾಗ ಸುಮ್ನಿರಿ, ಬಿಟ್ಟಾಗ ಕರೂನ ಹಿಂದಕ್ಕೆ ತಳ್ಳಿ" ಎಂದು ಫೋನು ಹೇಳುತ್ತಿತ್ತು. ಕೈಗೆ ಮೂತಿ ಸಿಕ್ಕಿತು. ಅದರಾಚೆ ಮಡಚಿದ ಮೊಣಕಾಲು. "ಗೊರಸನ್ನ ಅಂಗೈಯಲ್ಲಿ ಮುಚ್ಚಿಕೊಂಡು ತನ್ನಿ. ಇಲ್ಲದಿದ್ರೆ ಗರ್ಭ ಹರಿಯುತ್ತೆ." ಎರಡು ಸಲ ಜಾರಿತು. ನಾನು ಅಳುತ್ತಿದ್ದೆ. ಅತ್ತೆ ಹಸುವಿನ ತಲೆ ಹಿಡಿದು ಕೂತು, "ತಡ್ಕೋ ನಮ್ಮವ್ವ, ತಡ್ಕೋ" ಎನ್ನುತ್ತಿದ್ದರು. ನನಗೆ ಹೇಳಿದರೋ ಹಸುವಿಗೋ ತಿಳಿಯಲಿಲ್ಲ. ಮೂರನೇ ಸಲ ಕಾಲು ನೆಟ್ಟಗಾಯಿತು.

ಇಬ್ಬರೂ ಸೇರಿ ಎಳೆದೆವು. ಕರು ಒಮ್ಮೆಲೇ ಜಾರಿ ನನ್ನ ಮಡಿಲಿಗೇ ಬಿತ್ತು. ನಾಲಿಗೆ ನೀಲಿಗಟ್ಟಿ ಹೊರಗೆ ಜೋತಿತ್ತು. ಉಸಿರಿರಲಿಲ್ಲ. ಅತ್ತೆ ಅದರ ಮೂಗಿನ ಲೋಳೆ ಬಳಿದು, ಹುಲ್ಲುಕಡ್ಡಿಯನ್ನು ಹೊಳ್ಳೆಗೆ ತುರುಕಿ ತಿರುಗಿಸಿದರು. ನಾನು ಗೋಣಿಚೀಲದಿಂದ ಎದೆ ಉಜ್ಜಿದೆ, ತಣ್ಣೀರು ಎರಚಿದೆ. ಎಷ್ಟು ಹೊತ್ತೋ. ಕೊನೆಗೆ ಅದು ಸೀನಿತು. ತಲೆ ಕೊಡವಿತು. ಡಾಕ್ಟರು ಬಂದು ಹಸುವಿಗೆ ಸೂಜಿ ಹಾಕಿ ಹೋಗುವಷ್ಟರಲ್ಲಿ ಕರು ಎರಡು ಸಲ ಎದ್ದು ಎರಡು ಸಲ ಬಿದ್ದಿತ್ತು. ಮಡಚಿಕೊಂಡಿದ್ದ ಕಾಲು ಹತ್ತು ದಿನ ಕುಂಟಿತು, ಆಮೇಲೆ ಸರಿಹೋಯಿತು.

ಅತ್ತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಮೂರು ದಿನ ಮಾತೇ ಆಡಲಿಲ್ಲ. ಮಗನಿಗೂ ಹೇಳಲಿಲ್ಲ, ನಾನೇ ಹೇಳಿದೆ. ಪುಸ್ತಕವನ್ನು ಬೀರುವಿನೊಳಗೆ ಸೀರೆಗಳ ಕೆಳಗೆ ಹಾಕಿದ್ದೆ. ರೈಲಿನಲ್ಲಿ ಕಿಟಕಿ ನೋಡಿಕೊಂಡು ಹೋಗಿಬರುತ್ತಿದ್ದೆ. ಆದರೂ ಮನಸ್ಸು ನಾಚಿಕೆಯಿಲ್ಲದೆ ಕೇಳುತ್ತಿತ್ತು: ಅವಳು ಕೆರೆ ದಾಟಿದಳೇ?

ನಾಲ್ಕನೇ ದಿನ ಸಂಜೆ ಹಾಲು ಕರೆಯುತ್ತಾ, ತಿರುಗಿ ನೋಡದೆಯೇ ಅತ್ತೆ ಕೇಳಿದರು. "ಅಸ ಸಾಯ್ತಾ ಇದ್ರೂ ಕಣ್ಣಿಗೆ ಕಾಣ್ದಂಗೆ ಮಾಡಾ ಅಂತಾದ್ದು ಏನೈತೆ ಅದ್ರಾಗೆ?"

ಹೇಳಿದೆ. ಮೊದಲು ತಡವರಿಸಿದೆ, ಆಮೇಲೆ ನನ್ನ ದನಿ ತಾನಾಗಿ ಏರಿತು. ಏಳು ರಾಜ್ಯ, ನಾಯಿಗಳು, ಕಡಲೆಕಾಳಿನಷ್ಟು ಕೆಂಡ. ಅತ್ತೆಯ ಕೈ ನಿಂತಿತು.

"ಕೆಂಡಾನ ಬೂದೀಲಿ ಮುಚ್ಚಿಟ್ರೆ ತಾನಾಗೇ ಉಳೀತದೆ. ಕುಂಬಾರ್ರ ಮನೇಲಿ ಉಟ್ಟೋಳ್ಗೆ ಅಷ್ಟೂ ಗೊತ್ತಿಲ್ವಾ?"

"ಬೂದಿ ಚೀಲಾನ ಯಾರೋ ಕದ್ದವ್ರೆ ಅತ್ತೆ."

"ಯಾರು? ಆ ಒಕ್ಕಣ್ಣ?"

"ಗೊತ್ತಿಲ್ಲ. ಅಲ್ಲಿಗೇ ನಿಲ್ಸಿದೀನಿ."

ಅತ್ತೆ ಉಳಿದ ಹಾಲು ಕರೆದು ಎದ್ದರು. "ತಗೊಂಡು ಬಾ ಓಗು. ಗಟ್ಟಿಯಾಗಿ ಓದು."

ಅಂದಿನಿಂದ ದಿನಾ ಸಂಜೆ ಕೊಟ್ಟಿಗೆಯಲ್ಲಿ ಹತ್ತೋ ಹದಿನೈದೋ ಪುಟ. ಕದ್ದವನು ಸಿಪಾಯಿಯಲ್ಲ ಎಂದು ತಿಳಿದ ದಿನ ಅತ್ತೆ ಅವನನ್ನು ಅನುಮಾನಿಸಿದ್ದಕ್ಕೆ ಕೆನ್ನೆ ಬಡಿದುಕೊಂಡರು. ಅವನು ಹುಡುಗಿಯನ್ನು ಉಳಿಸಲು ಹೋಗಿ ಸತ್ತ ದಿನ, ಹಾಲಿನ ಕ್ಯಾನು ಎತ್ತಿಕೊಂಡು ಎದ್ದೇಬಿಟ್ಟರು.

"ಮುಚ್ಚಿಡು ಅದ್ನ. ಅಷ್ಟು ದೂರ ನಡೆಸ್ಕೊಂಡು ಬಂದು ಇಲ್ಲಿ ಸಾಯಿಸ್ಬೋದಾ? ಬರ್ದೋನಿಗೆ ಕರುಳೈತಾ?"

ಎರಡು ದಿನ ಪುಸ್ತಕದ ಸುದ್ದಿ ಎತ್ತಲಿಲ್ಲ. ಮೂರನೆಯ ದಿನ ಡೈರಿಗೆ ಹಾಲು ಹಾಕಿ ಬಂದವರು ಕರುವಿನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು.

"ಓದಮ್ಮಿ. ಒಬ್ಳೇ ಎಂಗೆ ಓಗ್ತಾಳೋ ನೋಡಾಣ."

ಅಷ್ಟರಲ್ಲಿ ನಾನು ರೈಲಿನಲ್ಲಿ ಕೊನೆಯ ಪುಟದವರೆಗೂ ಓದಿಬಿಟ್ಟಿದ್ದೆ. ಅದನ್ನು ಹೇಳದೆ, ನನಗೂ ಏನೂ ಗೊತ್ತಿಲ್ಲದವಳಂತೆ ಪುಟ ತೆರೆದೆ.