ಅರವತ್ತನಾಲ್ಕು ಕಿಲೋ

ತಕ್ಕಡಿ ರಿಪೇರಿಯವನನ್ನು ಬೀದಿಯವರೆಲ್ಲ ತೂಕದಪ್ಪ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯುದ್ದಕ್ಕೂ ಕರುಳು ಬಿಚ್ಚಿಟ್ಟ ತಕ್ಕಡಿಗಳು, ಮೂಲೆಯಲ್ಲಿ ಸರ್ಕಾರದ ಮುದ್ರೆ ಒತ್ತಿದ ಕಬ್ಬಿಣದ ತೂಕದ ಬಟ್ಟುಗಳು. ಮೂವತ್ತು ವರ್ಷದಲ್ಲಿ ಎಷ್ಟು ಜನ ವ್ಯಾಪಾರಿಗಳು "ಮುಳ್ಳನ್ನ ಒಂಚೂರು ಸರಿಸಿಕೊಡಪ್ಪ" ಎಂದು ಹಲ್ಲುಗಿಂಜಿದ್ದರೋ! ಒಬ್ಬನಿಗೂ ಸರಿಸಿಕೊಟ್ಟವನಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಬಾಗಿಲು ತೋರಿಸುತ್ತಿದ್ದ. ಈ ಹಟಕ್ಕೆ ಹೆಂಡತಿ ಎದುರಿಗೆ ಗೊಣಗುತ್ತಿದ್ದಳು, ಒಳಗೊಳಗೇ ಬೀಗುತ್ತಿದ್ದಳು.

ಎರಡು ತಿಂಗಳ ಹಿಂದೆ ಅವನ ಹೃದಯ ಕೈಕೊಟ್ಟಿತು. ಹನ್ನೊಂದು ದಿನ ಆಸ್ಪತ್ರೆ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು: "ಹೃದಯಕ್ಕೆ ಶಕ್ತಿ ಸಾಲ್ತಿಲ್ಲಮ್ಮ, ನೀರು ಮೈಯಲ್ಲೇ ನಿಂತ್ಕೊಳ್ಳುತ್ತೆ. ದಿನಾ ಬೆಳಿಗ್ಗೆ ಏನೂ ತಿನ್ನೋ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ, ಕಾಲು ಊದಿದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ ಕಾಯಬೇಡಿ. ಅವತ್ತೇ ಬನ್ನಿ."

ತೂಕ ನೋಡುವುದನ್ನು ತೂಕದಪ್ಪನಿಗೆ ಹೇಳಿಕೊಡಬೇಕೇ? ಅವಳು ನಿಶ್ಚಿಂತೆಯಾಗಿ ಆ ಕೆಲಸವನ್ನು ಅವನಿಗೇ ಬಿಟ್ಟಳು. ಅವಳು ಎಡವಿದ್ದು ಅಲ್ಲೇ.

ಎಷ್ಟೋ ವಾರ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕೇಳಿದರೆ, "ದಿಂಬು ಚಪ್ಪಟೆಯಾಗಿದೆ ಕಣೇ" ಎಂದ. ಚಪ್ಪಲಿಯ ಪಟ್ಟಿ ಕೊನೆಯ ತೂತಿಗೆ ಬಂತು. "ಚರ್ಮ ಕುಗ್ಗಿದೆ" ಎಂದ. ಮಲಗಿದರೆ ಒಣಕೆಮ್ಮು. ಅಂಗಿ ತೊಡುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದ. ಕಡೆಗೆ ಹಾಸಿಗೆಯನ್ನೇ ಬಿಟ್ಟು ಕುರ್ಚಿಯಲ್ಲಿ ನಿದ್ದೆ ಮಾಡತೊಡಗಿದ.

"ನಡೀರಿ, ಡಾಕ್ಟರ ಹತ್ರ ಹೋಗೋಣ" ಎಂದಾಗಲೆಲ್ಲ ತೂಕದ ಪುಸ್ತಕವನ್ನು ಅವಳ ಮುಂದೆ ಹಿಡಿಯುತ್ತಿದ್ದ. ಅರವತ್ತನಾಲ್ಕು. ಅರವತ್ತನಾಲ್ಕು. ಅರವತ್ತನಾಲ್ಕು. "ನೋಡು, ತೂಕ ಸುಳ್ಳು ಹೇಳುತ್ತಾ?"

ಅವತ್ತು ಬೆಳಿಗ್ಗೆ ಅವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅವಳು ಅವನ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ಕಲಸಿದ ಹಿಟ್ಟಿನಲ್ಲಿ ಒತ್ತಿದ ಹಾಗೆ. ನೆಟ್ಟಗೆ ಅಂಗಡಿಗೆ ಹೋಗಿ ಅವನು ದಿನಾ ತೂಕ ನೋಡಿಕೊಳ್ಳುತ್ತಿದ್ದ ಯಂತ್ರದ ಮೇಲೆ ತಾನೇ ನಿಂತಳು. ಐವತ್ತೊಂದು. ಅವನು ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಯಂತ್ರ ಅವಳಿಗೆ ಐವತ್ತೈದು ತೋರಿಸಿತ್ತು. ಸೀರೆ ಸಡಿಲವಾಗಿಲ್ಲ, ಬಳೆ ಸಡಿಲವಾಗಿಲ್ಲ, ನಾಲ್ಕು ಕಿಲೋ ಎಲ್ಲಿ ಹೋಯಿತು?

ಇಪ್ಪತ್ತು ಕಿಲೋದ ಬಟ್ಟನ್ನು ಎಳೆದು ತಂದು ಏದುಸಿರು ಬಿಡುತ್ತ ಅದರ ಮೇಲಿಟ್ಟಳು. ಮುಳ್ಳು ಹದಿನೆಂಟೂವರೆಯಲ್ಲೇ ನಿಂತಿತು.

ಯಂತ್ರವನ್ನು ಮಗುಚಿದಳು. ತಳದ ಸ್ಕ್ರೂವಿನ ಸುತ್ತ ಹೊಸ ಗೀರುಗಳು. ಒಂದು ದಿನದ್ದಲ್ಲ. ದಿನಾ ಇಷ್ಟಿಷ್ಟು ತಿರುಗಿಸಿದ ಗುರುತು. ಯಾರಿಗೂ ಮುಳ್ಳು ಸರಿಸದವನು ತನಗೇ ಸರಿಸಿಕೊಂಡಿದ್ದ.

"ಯಾಕ್ರೀ? ಯಾಕ್ ಹಿಂಗ್ ಮಾಡಿದ್ರಿ?" ಅವಳು ಅವನ ಭುಜ ಹಿಡಿದು ಅಲುಗಾಡಿಸಿದಳು. ಹೊಡೆದುಬಿಡುವಷ್ಟು ಸಿಟ್ಟು, ಕಾಲು ಹಿಡಿದುಕೊಳ್ಳುವಷ್ಟು ಹೆದರಿಕೆ.

"ಆಸ್ಪತ್ರೇಲಿ ಪಕ್ಕದ ಹಾಸಿಗೆಯವನು... ಎರಡನೇ ಸಲ ಬಂದಿದ್ದ..." ಉಸಿರಿಗಾಗಿ ನಿಂತ. "ನಡ್ಕೊಂಡೇ ಬಂದ ಕಣೇ. ನಡ್ಕೊಂಡು... ಹೋಗ್ಲಿಲ್ಲ."

ಅವನ ತುಟಿ ನೀಲಿಗಟ್ಟಿದ್ದು ಆಗ ಕಾಣಿಸಿತು. ಅವಳು ಬೀದಿಗೆ ಓಡಿ, ಪಕ್ಕದ ಮನೆಯವರ ಬಾಗಿಲು ಬಡಿದು, ಆಂಬುಲೆನ್ಸಿಗೆ ಫೋನ್ ಮಾಡಿಸಿದಳು. ಅದು ಬರುವ ತನಕ ಅವನ ಬೆನ್ನಿಗೆ ತನ್ನ ಎದೆ ಒಡ್ಡಿ ಕೂರಿಸಿಕೊಂಡಳು. ಪಾತ್ರೆಯಲ್ಲಿ ನೀರು ಕುದಿಯುವಂಥ ಸದ್ದು ಅವನ ಬೆನ್ನಿನೊಳಗಿಂದ ಕೇಳುತ್ತಿತ್ತು. ಅವಳು ಯಾವ ದೇವರಿಗೆಂದು ಗೊತ್ತಿಲ್ಲದೆ ಬೇಡಿಕೊಂಡಳು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದರು, ತೋಳಿಗೆ ಸೂಜಿ ಚುಚ್ಚಿದರು. ಡಾಕ್ಟರಮ್ಮ ಕೇಳಿದರು: "ತೂಕ ಬರೆದಿದ್ದೀರಲ್ಲ? ಯಾವತ್ತಿಂದ ಏರಿದೆ?"

ಅವಳು ಪುಸ್ತಕ ಬಿಚ್ಚಿದಳು. ಉದ್ದಕ್ಕೂ ಅರವತ್ತನಾಲ್ಕು. ನಾಚಿಕೆಯಿಂದ ಕಣ್ಣು ತುಂಬಿ ಬಂತು. "ಇದೆಲ್ಲ ಸುಳ್ಳು ಡಾಕ್ಟ್ರೇ. ನಿಜ ಎಷ್ಟು ಅಂತ ನಂಗೊತ್ತಿಲ್ಲ."

ಮಾಸ್ಕನ್ನು ಒಂದು ಕೈ ಸರಿಸಿತು.

"ಬರ್ಕೋ" ಎಂದ ಅವನು. "ಇವತ್ತು... ಅರವತ್ತೊಂಬತ್ತೂ ಕಾಲು. ನಿನ್ನೆ ಅರವತ್ತೆಂಟೂವರೆ. ಮೊನ್ನೆ... ಅರವತ್ತೆಂಟು."

ದಿನಾ ಮೊದಲು ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ನಿಜವಾದ ತೂಕ ನೋಡಿಕೊಂಡು, ಆಮೇಲಷ್ಟೇ ಸ್ಕ್ರೂ ತಿರುಗಿಸುತ್ತಿದ್ದ. ಕಾಲು ಕಿಲೋವನ್ನೂ ಬಿಡದೆ ಒಂದೊಂದೇ ದಿನ ಹಿಂದಕ್ಕೆ ಹೇಳುತ್ತ ಹೋದ. ಅವಳು ಒಂದೊಂದೇ ಅರವತ್ತನಾಲ್ಕನ್ನು ಹೊಡೆದುಹಾಕಿ ಬರೆಯುತ್ತ ಹೋದಳು. ಡಾಕ್ಟರಮ್ಮ ಹೇಳಿದ್ದ ಎರಡು ಕಿಲೋ ದಾಟಿದ್ದ ದಿನ ಬಂದಾಗ ಅವಳ ಕೈ ನಿಂತಿತು. ಅದು ಆರು ದಿನದ ಹಿಂದೆ. ಅವತ್ತು ಅವಳು ಅವನಿಗೆ ಮೂರನೆಯ ದಿಂಬಿನ ಚೀಲ ಹೊಲಿದುಕೊಟ್ಟಿದ್ದಳು.