ಮೂರು ಸಲ ಹಿಡಿದ ಹೊಲಿಗೆ

ಶಾಲೆಯ ಗೇಟಿನ ಎದುರಿಗೆ, ಪುಸ್ತಕದಂಗಡಿಗೂ ಚಪ್ಪಲಿ ಹೊಲಿಯುವವನ ಗೂಡಿಗೂ ನಡುವೆ, ಒಂದು ಉದ್ದನೆಯ ಕೋಣೆ. ಮುಂಭಾಗದಲ್ಲಿ ಹೊಲಿಗೆ ಯಂತ್ರ, ಹಿಂಭಾಗದಲ್ಲಿ ಇಸ್ತ್ರಿ ಮೇಜು. ಯಂತ್ರದ ಮುಂದೆ ಹೆಂಡತಿ, ಮೇಜಿನ ಹಿಂದೆ ಗಂಡ. ಇಬ್ಬರ ನಡುವೆ ಹ್ಯಾಂಗರಿಗೆ ಸಿಕ್ಕಿಸಿದ ಯೂನಿಫಾರ್ಮುಗಳ ಸಾಲು. ಜಗಳ ಬಂದ ದಿನ ಅದೇ ಅವರಿಗೆ ಗೋಡೆ. ಹೆಂಡತಿಯ ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ಇಳಿಬಿದ್ದಿರುತ್ತಿದ್ದುದರಿಂದ ಶಾಲೆಯ ಮಕ್ಕಳು ಅವಳಿಗೆ ಟೇಪಕ್ಕ ಎಂದು ಹೆಸರಿಟ್ಟಿದ್ದರು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲ, ತುತ್ತನ್ನೂ ಅಳೆದೇ ನುಂಗುತ್ತಾಳೆ ಎಂದು ಗಂಡ ಗೇಲಿ ಮಾಡುತ್ತಿದ್ದ.

ಇಪ್ಪತ್ತೊಂದು ವರ್ಷದಿಂದ ಆ ಶಾಲೆಯ ಮಕ್ಕಳ ಬಟ್ಟೆ ಹೊಲಿಯುತ್ತಿದ್ದವಳು ಅವಳು. ಶಾಲೆ ಶುರುವಾಗುವ ವಾರ ಸಾಲು ನಿಂತ ಮಕ್ಕಳನ್ನು ಒಬ್ಬೊಬ್ಬರಾಗಿ ಅಳೆದು, ಎದೆ ಇಷ್ಟು, ಸೊಂಟ ಇಷ್ಟು, ಉದ್ದ ಇಷ್ಟು ಎಂದು ದಪ್ಪ ರಟ್ಟಿನ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಪುಸ್ತಕ ಎಂದರೆ ಅವಳಿಗೆ ಎಲ್ಲಿಲ್ಲದ ಜಂಭ. "ಟೇಪಕ್ಕನ ಅಳತೆ ಯಾಕೋ ತಪ್ಪಿದೆ" ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಮುಗಿಯಿತು, ಮೂಗಿನ ತುದಿಯಲ್ಲೇ ಕೂತಿದ್ದ ಕೋಪ ಅವರ ಮೇಲೆ ಎಗರುತ್ತಿತ್ತು. ಆ ಜಂಭವೇ ಅವಳನ್ನು ತಿಂದು ಹಾಕಿತು ನೋಡಿ.

ಐದನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಮಾತಿನಮಲ್ಲಿ. ಟೇಪಕ್ಕ ಕರೆಯುತ್ತಿದ್ದುದೂ ಹಾಗೆಯೇ. ಅವಳಮ್ಮನಿಗೆ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಶಿಫ್ಟಿಗೆ ಹೋದರೆ ಬರುವಾಗ ಸಂಜೆ. ಅಪ್ಪ ಎನ್ನುವವನು ಎಂದೋ ಬಿಟ್ಟು ಹೋಗಿದ್ದ. ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ಹುಡುಗಿ ಅಂಗನವಾಡಿಯಿಂದ ತನ್ನ ಪುಟ್ಟ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಟೇಪಕ್ಕನ ಕೋಣೆಯ ಮೆಟ್ಟಿಲ ಮೇಲೆ ಕೂತು, ಯಾವ ಟೀಚರು ಯಾರಿಗೆ ಬೈದರು, ಯಾರ ಡಬ್ಬಿಯಲ್ಲಿ ಏನಿತ್ತು, ಎಲ್ಲವನ್ನೂ ಒದರುತ್ತಿದ್ದಳು. ಮಕ್ಕಳಿಲ್ಲದ ಆ ಗಂಡ ಹೆಂಡತಿಗೆ ಅವಳ ಮಾತು ಕೇಳದಿದ್ದರೆ ಸಂಜೆಯೇ ಆಗುತ್ತಿರಲಿಲ್ಲ.

ಹೊಸ ಸ್ಕರ್ಟು ಕೊಟ್ಟು ಎರಡು ತಿಂಗಳಾಗಿತ್ತೋ ಇಲ್ಲವೋ, ಒಂದು ಭಾನುವಾರ ತಾಯಿ ಅದನ್ನು ಮಡಚಿ ತಂದಳು.

"ಅಕ್ಕಾ, ಇದು ಜಾರ್ತಿದೆ. ಒಂಚೂರು ಸೊಂಟ ಹಿಡಿದ್ಕೊಡಿ."

ಟೇಪಕ್ಕನ ಮುಖ ಸಣ್ಣಗಾಯಿತು. ತಾನು ಅಳೆದದ್ದು ಜಾರುವುದೇ? ಹುಡುಗಿಯನ್ನು ಕರೆದು ಮತ್ತೆ ಟೇಪು ಸುತ್ತಿದಳು. ಇಪ್ಪತ್ತೆರಡೂವರೆ ಇಂಚು. ಪುಸ್ತಕ ತೆಗೆದರೆ ಇಪ್ಪತ್ತನಾಲ್ಕು ಎಂದಿದೆ. ಸೀಸನ್ನಿನ ಗಡಿಬಿಡಿಯಲ್ಲಿ ತನ್ನ ಕಣ್ಣೇ ಮೋಸ ಮಾಡಿತು ಎಂದುಕೊಂಡಳು. ಯಾರಿಗೂ ಕಾಣದಂತೆ ಆ ಇಪ್ಪತ್ತನಾಲ್ಕರ ಮೇಲೆ ಶಾಯಿ ತಿಕ್ಕಿ, ಪಕ್ಕದಲ್ಲಿ ಹೊಸ ಸಂಖ್ಯೆ ಬರೆದಳು. ತಪ್ಪು ತನ್ನದೇ ಆದ್ದರಿಂದ ಕಾಸನ್ನೂ ಮುಟ್ಟಲಿಲ್ಲ.

ಹಿಂದಿನಿಂದ ಗಂಡ ಅಂದ, "ಏ, ಆ ಮಗು ಬಡವಾಗಿದೆ ಕಣೇ."

"ನಿಮಗೇನ್ರೀ ಗೊತ್ತು ಅಳತೆ? ನಿಮ್ಮ ಕಾಲರ್ ನೀವು ನೋಡ್ಕೊಳ್ಳಿ, ಸುಟ್ಟುಗಿಟ್ಟೀರಿ."

ಆತ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ. ಜೀವಮಾನದಲ್ಲಿ ಒಂದು ಸಲ ಆತ ಸರಿಯಾದ ಮಾತಾಡಿದ್ದ, ಆ ಸಲವೂ ಅವಳು ಬಾಯಿ ಮುಚ್ಚಿಸಿದಳು.

ಮೂರು ವಾರಕ್ಕೆ ಸ್ಕರ್ಟು ಮತ್ತೆ ಬಂತು. ಈ ಸಲ ಟೇಪಕ್ಕ ಬಟ್ಟೆಯನ್ನು ಬೈದಳು. ನೀರಿಗೆ ಬಿದ್ದರೆ ಹಿಗ್ಗುವ ದರಿದ್ರ ಬಟ್ಟೆ, ಈ ಸಲ ಮಿಲ್ಲಿನವನು ಮೋಸ ಮಾಡಿದ್ದಾನೆ ಎಂದಳು. ಇಪ್ಪತ್ತೊಂದಕ್ಕೆ ಹಿಡಿದಳು. ಹಳೆಯ ಸಂಖ್ಯೆಯ ಮೇಲೆ ಮತ್ತೆ ಶಾಯಿ.

ಹುಡುಗಿಯ ಮಾತು ಆಗಲೇ ಕಡಿಮೆಯಾಗಿತ್ತು. ಬಂದವಳೇ "ಟೇಪಕ್ಕಾ, ನೀರು" ಎನ್ನುತ್ತಿದ್ದಳು. ಒಂದು ಲೋಟ, ಎರಡು ಲೋಟ, ಮೂರನೆಯದನ್ನೂ ಗಟಗಟ ಕುಡಿದು, ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು.

"ಹೊಟ್ಟೇಲಿ ಬಾವಿ ತೋಡಿಸ್ತಿದ್ದೀಯೇನೇ?" ಎಂದು ಟೇಪಕ್ಕ ನಗುತ್ತಿದ್ದಳು.

ಹುಡುಗಿಯೂ ನಗುತ್ತಿದ್ದಳು. ಅಯ್ಯೋ, ಆ ನಗು.

ಶಾಲೆಯ ವಾರ್ಷಿಕ ದಿನ ಹತ್ತಿರ ಬಂತು. ಹುಡುಗಿ ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡಬೇಕಿತ್ತು. ಮಾತಿನಮಲ್ಲಿಯನ್ನು ಬಿಟ್ಟರೆ ಇನ್ನಾರು? ಹಿಂದಿನ ದಿನ ಮಧ್ಯಾಹ್ನ ಅವಳೊಬ್ಬಳೇ ಬಂದು, ಬಾಗಿಲು ಹಿಡಿದು ನಿಂತಳು.

"ಟೇಪಕ್ಕಾ, ಕ್ಲಾಸಲ್ಲಿ ಎಲ್ಲರೂ ನನ್ನ ಕಡ್ಡಿ ಅಂತಾರೆ. ಸ್ಟೇಜ್ ಮೇಲೆ ಹಾಗೆ ಕಾಣಬಾರ್ದು. ಏನಾದ್ರೂ ಮಾಡಿ. ಅಮ್ಮಂಗೆ ಹೇಳ್ಬೇಡಿ, ಸುಮ್ನೆ ಬೇಜಾರು ಮಾಡ್ಕೋತಾಳೆ."

ಟೇಪಕ್ಕ ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು. ಯಾವ ಅಮ್ಮನೂ ಅಷ್ಟು ಕಾಳಜಿಯಿಂದ ಸೂಜಿ ಹಿಡಿದಿರಲಾರಳು. ಸೊಂಟವನ್ನು ಇಪ್ಪತ್ತಕ್ಕೆ ತಂದು, ನೆರಿಗೆಗಳನ್ನು ಬಿಚ್ಚಿ ಬದಿಗೆ ಹೆಚ್ಚು ಬರುವಂತೆ ಮತ್ತೆ ಕೂರಿಸಿದಳು. ಶರ್ಟಿನ ಭುಜಕ್ಕೂ ಬೆನ್ನಿಗೂ ಒಳಗಡೆಯಿಂದ ದಪ್ಪನೆಯ ಅಸ್ತರು ಕೊಟ್ಟು, ಹೊರಗೆ ಒಂದೇ ಒಂದು ಹೊಲಿಗೆ ಕಾಣದಂತೆ ಕೈಯಲ್ಲೇ ಹೊಲಿದಳು. ಕನ್ನಡಿಯ ಮುಂದೆ ನಿಲ್ಲಿಸಿದಾಗ ಹುಡುಗಿ ದುಂಡುದುಂಡಗೆ ಕಂಡಳು. ತನ್ನ ಕೈಚಳಕಕ್ಕೆ ತಾನೇ ದೃಷ್ಟಿಯಾದೀತು ಎನ್ನಿಸಿತು ಟೇಪಕ್ಕನಿಗೆ.

ಭಾಷಣ ಚೆನ್ನಾಗಿಯೇ ಆಯಿತು. ನಡುವೆ ಒಂದು ಸಲ ನೀರು ಕೇಳಿದಳಂತೆ, ಅಷ್ಟೆ. ಮೂರನೆಯ ದಿನ ಬೆಳಗ್ಗೆ ಅವಳು ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, ಮಕ್ಕಳಿಗೂ ಬರುವ ಸಕ್ಕರೆ ಕಾಯಿಲೆ, ತೀರಾ ಏರಿಬಿಟ್ಟಿದೆ ಎಂದರು. ಹದಿನೈದು ದಿನ ಮುಂಚೆ ತಂದಿದ್ದರೂ ಇಂಜೆಕ್ಷನ್ ಕೊಟ್ಟು ಉಳಿಸಿಕೊಳ್ಳಬಹುದಿತ್ತು ಎಂದರು. ಅದರ ಮಾರನೆಯ ಮಧ್ಯಾಹ್ನ ಹುಡುಗಿ ಹೋದಳು.

ತಿಂಗಳು ಕಳೆದ ಮೇಲೆ ತಾಯಿ ಟೇಪಕ್ಕನ ಕೋಣೆಗೆ ಬಂದು ಒಂದು ಫೋಟೋ ತೋರಿಸಿದಳು. ವೇದಿಕೆಯ ಮೇಲೆ ಮೈಕಿನ ಮುಂದೆ ನಿಂತ ಮಗಳು.

"ನೋಡಿ ಅಕ್ಕಾ, ಎಷ್ಟು ಮುದ್ದಾಗಿ ಕಾಣ್ತಾಳೆ. ಮೈ ಕೈ ತುಂಬ್ಕೊಂಡು. ಎಲ್ಲರೂ ಅದೇ ಅಂತಾರೆ, ಇಷ್ಟು ಚೆನ್ನಾಗಿದ್ದ ಮಗು ಹೇಗೆ ಹೋಯ್ತು ಅಂತ. ನಿಮ್ಮ ಕೈ ಗುಣ ಅಕ್ಕಾ. ಕೊನೇಲಿ ಅವಳ್ನ ರಾಣಿ ಥರ ಮಾಡಿ ಕಳಿಸಿದ್ರಿ."

ಟೇಪಕ್ಕ ಫೋಟೋವನ್ನು ಹಿಂದಕ್ಕೆ ಕೊಟ್ಟಳು. ತಾಯಿ ಆ ಫೋಟೋವನ್ನು ಚಪ್ಪಲಿ ಹೊಲಿಯುವವನಿಗೂ ತೋರಿಸಿ ಹೋದಳು. ಆ ಕೃತಜ್ಞತೆಗಿಂತ ಅವಳು ಬಂದು ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಾಗಿತ್ತು.

ಎರಡು ದಿನ ಟೇಪಕ್ಕ ಯಂತ್ರ ಮುಟ್ಟಲಿಲ್ಲ. ಮೂರನೆಯ ದಿನ ಅಳತೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಯ ಹೆಡ್‌ಮಿಸ್ಸಿನ ಕೋಣೆಗೆ ಹೋಗಿ, ಮೇಜಿನ ಮೇಲಿಟ್ಟು, ಶಾಯಿ ತಿಕ್ಕಿದ ಜಾಗವನ್ನು ಬೆರಳಿಟ್ಟು ತೋರಿಸಿದಳು.

"ಮೂರು ಸಲ ಹಿಡಿದೆ ಮೇಡಂ. ಮೂರು ಸಲಾನೂ ನನ್ನ ಕೈಗೆ ಸಿಕ್ಕಿತ್ತು ಆ ಮಗು."

ಹೆಡ್‌ಮಿಸ್ಸು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು. ಆಮೇಲೆ ಕನ್ನಡಕ ತೆಗೆದಿಟ್ಟು, "ನಾನು ಅವಳಿಗೆ ಬೈದಿದ್ದೆ ಅಕ್ಕಾ" ಎಂದಳು. "ಪಾಠದ ಮಧ್ಯೆ ನಾಲ್ಕು ನಾಲ್ಕು ಸಲ ಬಾತ್‌ರೂಮಿಗೆ ಹೋಗ್ತಾಳೆ, ಪಾಠ ತಪ್ಪಿಸೋಕೆ ನಾಟಕ ಅಂತ. ಬೆಂಚ್ ಮೇಲೆ ನಿಲ್ಲಿಸಿದ್ದೆ."

ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸನ್ನು ಕರೆಸಿದರು. ಆಕೆ ನೀರಿನ ಕತೆ ಕೇಳಿದಳು, ಬಾತ್‌ರೂಮಿನ ಕತೆ ಕೇಳಿದಳು, ಪುಸ್ತಕ ನೋಡಿದಳು. "ಇದಿಷ್ಟೂ ಒಬ್ಬರ ಕಿವಿಗೆ ಬಿದ್ದಿದ್ರೆ ಸಾಕಿತ್ತು" ಎಂದಳು. ಟೇಪಕ್ಕನ ಹತ್ತಿರ ಸೊಂಟವಿತ್ತು, ಹೆಡ್‌ಮಿಸ್ಸಿನ ಹತ್ತಿರ ಬಾತ್‌ರೂಮಿತ್ತು. ನಡುವೆ ಇದ್ದದ್ದು ಹತ್ತು ಹೆಜ್ಜೆಯ ಒಂದು ರಸ್ತೆ. ಅದನ್ನು ಯಾರೂ ದಾಟಿರಲಿಲ್ಲ.

ಅಂದು ಆ ಮೂವರು ಮಾಡಿಕೊಂಡ ಕಟ್ಟುಪಾಡು ಸಣ್ಣದು. ಮಕ್ಕಳ ಬಟ್ಟೆ ಬಿಗಿಯಾಯಿತು, ಬಿಚ್ಚಿ ಕೊಡಿ ಎಂದರೆ ಯಾರನ್ನೂ ಕೇಳಬೇಕಿಲ್ಲ. ಬೆಳೆಯುವ ಮಗು ತಾನೆ. ಆದರೆ ಸಡಿಲವಾಯಿತು, ಹಿಡಿದು ಕೊಡಿ ಎಂದರೆ ನರ್ಸಿನ ಚೀಟಿ ಬರುವ ತನಕ ಟೇಪಕ್ಕ ಸೂಜಿ ಮುಟ್ಟುವಂತಿಲ್ಲ. ಹಳೆಯ ಸಂಖ್ಯೆಯನ್ನು ಹೊಡೆದುಹಾಕುವಂತಿಲ್ಲ, ಹೊಸದನ್ನು ಅದರ ಕೆಳಗೇ ಬರೆಯಬೇಕು. ಶನಿವಾರಕ್ಕೊಮ್ಮೆ ಹೆಡ್‌ಮಿಸ್ಸು ಹಾಜರಿ ಪುಸ್ತಕ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಾಳೆ, ನರ್ಸು ಬರುತ್ತಾಳೆ, ಇಸ್ತ್ರಿ ಮೇಜಿನ ಮೇಲೆ ಎರಡೂ ಪುಸ್ತಕ ಬಿಚ್ಚಿಟ್ಟುಕೊಂಡು ಮೂವರೂ ನೋಡುತ್ತಾರೆ.

ಮೊದಮೊದಲು ಬೀದಿಯವರು ನಕ್ಕರು. ಟೇಪಕ್ಕ ಡಾಕ್ಟರಾಗಿದ್ದಾಳೆ, ಗುಂಡಿ ಹಾಕಿಸೋಕೂ ಚೀಟಿ ತರಬೇಕಂತೆ ಎಂದರು. ಆದರೆ ವರ್ಷ ತುಂಬುವುದರೊಳಗೆ ನಾಲ್ಕು ಮಕ್ಕಳು ಸಿಕ್ಕಿದರು. ಒಬ್ಬನಿಗೆ ಶ್ವಾಸಕೋಶದ ತೊಂದರೆ. ಒಬ್ಬಳು ಮಧ್ಯಾಹ್ನದ ಡಬ್ಬಿಯನ್ನು ದಿನಾ ಹಾಸಿಗೆ ಹಿಡಿದ ಅಜ್ಜಿಗೆ ಒಯ್ದು ಕೊಡುತ್ತಿದ್ದಳು. ಇನ್ನಿಬ್ಬರಿಗೆ ಹೊಟ್ಟೆಯ ಹುಳು, ಔಷಧಿ ಕುಡಿಸಿದ ಮೇಲೆ ಮೈ ತುಂಬಿಕೊಂಡರು. ತೂಕಡಿಸುತ್ತಿದ್ದವರು ಕ್ಲಾಸಿನಲ್ಲಿ ಕಣ್ಣು ಬಿಟ್ಟರು, ಫೇಲಾಗುತ್ತಿದ್ದವರು ಪಾಸಾದರು. ಮೇಲಿನ ಕಚೇರಿಯವರು ಬಂದು, ಶಾಲೆ ಮತ್ತು ಸಮುದಾಯ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಮಾದರಿ ಎಂದು ಭಾಷಣ ಮಾಡಿ, ಟೇಪಕ್ಕನಿಗೆ ಒಂದು ಶಾಲು ಹೊದಿಸುತ್ತೇವೆಂದರು. ಟೇಪಕ್ಕ ತಲೆನೋವೆಂದು ಹೋಗಲಿಲ್ಲ. ಗಂಡ ಹೋಗಿ ಶಾಲು ತಂದ. ಅದನ್ನು ಅವಳು ಬಿಚ್ಚಿಯೂ ನೋಡಲಿಲ್ಲ.

ಹೆಡ್‌ಮಿಸ್ಸಿಗೆ ಹೇಳಿದ್ದಳು, ನರ್ಸಿಗೆ ಹೇಳಿದ್ದಳು, ಹೇಳಬೇಕಾದವಳಿಗೆ ಹೇಳಿರಲಿಲ್ಲ. ತಾಯಿ ಬೀದಿಯಲ್ಲಿ ಹಾದುಹೋದರೆ ಟೇಪಕ್ಕ ದಾರದುಂಡೆ ಹುಡುಕುವವಳಂತೆ ಯಂತ್ರದ ಕೆಳಗೆ ಬಗ್ಗುತ್ತಿದ್ದಳು.

"ಹೇಳ್ಬಿಡೇ. ಒಳಗಿಟ್ಕೊಂಡು ಎಷ್ಟು ದಿನ ಬೇಯ್ತೀಯ?" ಎಂದ ಗಂಡ.

"ಅವಳ ಹತ್ರ ಉಳಿದಿರೋದು ಆ ಫೋಟೋ ಒಂದೇ ರೀ. ಅದನ್ನೂ ಕಿತ್ಕೊಳ್ಳಲಾ?"

ಆತ ಮುಂದಿನ ಶರ್ಟನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದ.

ಮತ್ತೆರಡು ವರ್ಷ ಕಳೆದು, ಕಂಕುಳ ಕೂಸಾಗಿದ್ದ ತಂಗಿ ಒಂದನೇ ಕ್ಲಾಸಿಗೆ ಬಂದಳು. ತಾಯಿ ಅವಳ ಕೈಹಿಡಿದುಕೊಂಡು ಬಂದು, ಒಂದು ಚೀಲದಿಂದ ಸ್ಕರ್ಟು ಶರ್ಟು ತೆಗೆದು ಮೇಜಿನ ಮೇಲೆ ಇಟ್ಟಳು. ಟೇಪಕ್ಕನಿಗೆ ಮುಟ್ಟುವ ಮೊದಲೇ ಗೊತ್ತಾಯಿತು.

"ಅವಳದ್ದೇ ಅಕ್ಕಾ. ಇದನ್ನೇ ಇವಳಿಗೆ ಚಿಕ್ಕದು ಮಾಡ್ಕೊಡಿ. ಅಕ್ಕನ ಬಟ್ಟೆ ಹಾಕ್ಕೋತೀನಿ ಅಂತ ಕುಣೀತಿದ್ದಾಳೆ. ಇಲ್ಲೇ ಕೂತಿರ್ತೀನಿ, ಇವತ್ತು ರಜ."

ಚಿಕ್ಕದು ಮಾಡಬೇಕೆಂದರೆ ಮೊದಲು ಹಳೆಯ ಹೊಲಿಗೆ ಬಿಚ್ಚಬೇಕು. ನಾಳೆ ಬಾ ಎಂದು ಕಳಿಸಬಹುದಿತ್ತು. ಒಬ್ಬಳೇ ಕೂತು ಬಿಚ್ಚಿ, ಅಸ್ತರು ಕಿತ್ತು ಒಲೆಗೆ ಹಾಕಿದ್ದರೆ ದೇವರಾಣೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೇಪಕ್ಕ ಗಂಡನ ಕಡೆ ನೋಡಿದಳು. ಆತ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಚಿಕ್ಕವಳನ್ನು ಹ್ಯಾಂಗರು ಎಣಿಸೋಣ ಬಾ ಎಂದು ಹಿಂದಕ್ಕೆ ಕರೆದುಕೊಂಡ.

ಅವಳು ತಾಯಿಯ ಎದುರಿಗೇ ಬ್ಲೇಡು ತೆಗೆದುಕೊಂಡು ಬಿಚ್ಚತೊಡಗಿದಳು. ಸೊಂಟಪಟ್ಟಿ ಬಿಡಿಸಿಕೊಂಡಿತು. ಒಳಗೆ ಒಂದರ ಪಕ್ಕ ಒಂದು, ಮೂರು ಸಾಲು ಹೊಲಿಗೆ. ಶರ್ಟಿನ ಒಳಗಿಂದ ಅಸ್ತರು ಬಂತು, ಮಡಿಕೆ ಮಡಿಕೆಯಾಗಿ.

"ಎರಡು ಸಲ ತಾನೆ ಅಕ್ಕಾ ನಾನು ತಂದಿದ್ದು?" ಎಂದಳು ತಾಯಿ. "ಇದೇನು, ದಪ್ಪಗೆ?"

ಟೇಪಕ್ಕ ಹೇಳಿದಳು. ಇಪ್ಪತ್ತನಾಲ್ಕು ಇಪ್ಪತ್ತಕ್ಕೆ ಇಳಿದದ್ದನ್ನು, ಶಾಯಿ ತಿಕ್ಕಿದ್ದನ್ನು ಹೇಳಿದಳು, ನೀರನ್ನು ಹೇಳಿದಳು, ಗಂಡನ ಬಾಯಿ ಮುಚ್ಚಿಸಿದ್ದನ್ನು ಹೇಳಿದಳು. ಹುಡುಗಿ ಬಾಗಿಲು ಹಿಡಿದು ನಿಂತು ಕೇಳಿದ ಮಾತನ್ನು, ಅಮ್ಮನಿಗೆ ಹೇಳಬೇಡಿ ಎಂದದ್ದನ್ನೂ ಬಿಡದೆ ಹೇಳಿದಳು. "ಅವಳು ಬಡವಾಗಿದ್ದನ್ನ ನಾನೇ ಮುಚ್ಚಿಟ್ಟೆ ಕಣಮ್ಮಾ. ನನ್ನ ಕೈಯಾರೆ."

ತಾಯಿ ಅಸ್ತರನ್ನು ಎತ್ತಿಕೊಂಡು ಬೆರಳಲ್ಲಿ ಅದರ ದಪ್ಪ ನೋಡುತ್ತಿದ್ದಳು. ಅಳಲಿಲ್ಲ. ಯಾರಿಗೋ ಹೇಳುವಂತೆ ಹೇಳಿದಳು:

"ಎಂಟು ವರ್ಷ ತುಂಬಿದ್ಮೇಲೆ ಅವಳೇ ಸ್ನಾನ ಮಾಡ್ಕೋತಿದ್ಳು. ನಾನು ಎದ್ದು ಹೋಗೋ ಹೊತ್ತಿಗೆ ಮಲಗಿರ್ತಿದ್ಳು, ಬರೋ ಹೊತ್ತಿಗೆ ಯೂನಿಫಾರಂ ಹಾಕ್ಕೊಂಡು ನಿಮ್ಮ ಮೆಟ್ಟಿಲ ಮೇಲೆ ಇರ್ತಿದ್ಳು. ನಾನು ಅವಳನ್ನ ನೋಡ್ತಿದ್ದಿದ್ದೇ ನೀವು ಹೊಲಿದ ಬಟ್ಟೇಲಿ ಅಕ್ಕಾ."

ಟೇಪಕ್ಕನಿಗೆ ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು. ಎಲ್ಲಿಗೆ ಓಡುವುದು?

ತಾಯಿ ಬಿಚ್ಚಿದ ಬಟ್ಟೆಯನ್ನೂ ಅಸ್ತರನ್ನೂ ಒಟ್ಟಿಗೆ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಇದು ಬೇಡ. ಇವಳಿಗೆ ಹೊಸದೇ ಹೊಲೀರಿ" ಎಂದು ಚಿಕ್ಕವಳನ್ನು ಕರೆದು ಮುಂದೆ ನಿಲ್ಲಿಸಿದಳು. "ಅಳತೆ ತಗೊಳ್ಳಿ. ಗಟ್ಟಿಯಾಗಿ ಹೇಳಿ, ನನ್ನ ಮುಂದೆ ಬರೀರಿ."

ಟೇಪಕ್ಕ ಕೊರಳಿಂದ ಟೇಪು ತೆಗೆದು ಮಗುವಿನ ಸೊಂಟಕ್ಕೆ ಸುತ್ತಿದಳು.

"ಇಪ್ಪತ್ತು."

"ಇಪ್ಪತ್ತು" ಎಂದಳು ತಾಯಿ.

ಕೊನೆಯ ಸಲ ಅಕ್ಕನಿಗೆ ಬಂದದ್ದೂ ಅದೇ ಅಳತೆ. ಹತ್ತು ವರ್ಷದ ಹುಡುಗಿಗೆ. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು. ಟೇಪಕ್ಕ ಬರೆದಳು.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ತಾಯಿ ಚಿಕ್ಕವಳನ್ನು ಕರೆದುಕೊಂಡು ಬರುತ್ತಾಳೆ. ಟೇಪಕ್ಕ ಸಂಖ್ಯೆ ಹೇಳುತ್ತಾಳೆ, ತಾಯಿ ಅದನ್ನು ಮತ್ತೊಮ್ಮೆ ಹೇಳುತ್ತಾಳೆ, ಹಳೆಯದರ ಕೆಳಗೆ ಹೊಸದು ಬರೆದಾದ ಮೇಲೆ ಎದ್ದು ಹೋಗುತ್ತಾಳೆ. ಕೂರು ಎಂದರೆ ಕೂರುವುದಿಲ್ಲ, ಬೈಯುವುದೂ ಇಲ್ಲ. ಆ ಫೋಟೋವನ್ನು ಮಾತ್ರ ಆಮೇಲೆ ಅವಳು ಯಾರಿಗೂ ತೋರಿಸಿದ್ದಿಲ್ಲ.